ನಡುವಿನ ಪೆಟ್ಟಿಗೆ

ಡೊಂಬಿವಲಿಯಿಂದ ಬೋರಿವಲಿಯವರೆಗೆ ನಮ್ಮವರು ಯಾರೇ ಹೊಸ ಟಿವಿ ಕೊಂಡರೂ ಆರು ತಿಂಗಳೊಳಗೆ ನನಗೊಂದು ಫೋನು ಬರುತ್ತದೆ. "ಎಂಬತ್ತು ತೊಂಬತ್ತು ಸಾವಿರ ಇಟ್ಕೊಂಡೀನ್ರಿ. ಹೋಮ್ ಥಿಯೇಟರಿಗೆ ಯಾವ ಸ್ಪೀಕರ್ ತಗೊಳ್ಳಲಿ?" ನಾನು ಇಂಜಿನಿಯರ್ ಅಲ್ಲ, ವ್ಯಾಪಾರಿಯೂ ಅಲ್ಲ. ಹಳೆಯ ರೇಡಿಯೊ, ಹಳೆಯ ಸಿನಿಮಾ ಸದ್ದುಗಳ ಕಥೆ ಓದುವ ಚಟ ಇದೆ, ಅಷ್ಟೆ. ಆದ್ದರಿಂದ ನನ್ನ ಉತ್ತರ 1931ರಿಂದ ಶುರುವಾಗುತ್ತದೆ, ಕೇಳಿದವರ ತಾಳ್ಮೆ 1953ರ ಹೊತ್ತಿಗೆ ಮುಗಿದಿರುತ್ತದೆ. ಬರೆದರೆ ಮಧ್ಯದಲ್ಲಿ ಫೋನ್ ಇಡುವವರಿಲ್ಲ ಎಂಬ ಧೈರ್ಯದಲ್ಲಿ ಇಲ್ಲಿ ಪೂರ್ತಿ ಹೇಳುತ್ತಿದ್ದೇನೆ.

ಇತಿಹಾಸ ಏಕೆ ಬೇಕು ಎಂದರೆ, ಅಂಗಡಿಯಲ್ಲಿ ಒಂದೇ ರಟ್ಟಿನ ಡಬ್ಬಿಯೊಳಗೆ ಬರುವ ಆ ಐದು ಸ್ಪೀಕರು ಮತ್ತು ಒಂದು ಸಬ್‌ವೂಫರ್ ಒಂದೇ ದಿನ ಹುಟ್ಟಿದವಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಒಂದೊಂದು ತೊಂದರೆಗೆ ಪರಿಹಾರವಾಗಿ ಬಂದದ್ದು. ಯಾವುದು ಯಾಕೆ ಬಂತು ಎಂದು ಗೊತ್ತಾದರೆ ಕೈಯಲ್ಲಿರುವ ದುಡ್ಡನ್ನು ಎಲ್ಲಿ ಸುರಿಯಬೇಕು, ಎಲ್ಲಿ ಹಿಡಿಯಬೇಕು ಎಂದು ತಾನೇ ಗೊತ್ತಾಗುತ್ತದೆ. ಹತ್ತು ಲಕ್ಷ ಇದ್ದವರಿಗೆ ಈ ಪ್ರಶ್ನೆಯೇ ಇಲ್ಲ, ಹತ್ತು ಸಾವಿರ ಇದ್ದವರಿಗೂ ಇಲ್ಲ. ನಡುವಿನವರದೇ ಪೇಚಾಟ.

ನನ್ನ ಮಟ್ಟಿಗೆ ಇದು ಶೋಕಿಯ ಪ್ರಶ್ನೆಯಾಗಿರಲಿಲ್ಲ. ಅವ್ವನಿಗೆ ಈಗ 79. ಧಾರವಾಡ ಬಿಟ್ಟು ನಮ್ಮ ಜೊತೆ ಇರಲು ಬಂದು ಎಂಟು ವರ್ಷವಾಯಿತು. ನಮ್ಮ ಕಟ್ಟಡದಲ್ಲಿ ಮರಾಠಿ, ಗುಜರಾತಿ, ಒಂದಿಷ್ಟು ಮಲಯಾಳ. ಮೊಮ್ಮಕ್ಕಳ ಕನ್ನಡ ಊಟಕ್ಕೆ, ಸ್ನಾನಕ್ಕೆ ಸಾಕಾಗುವಷ್ಟು. ಹಗಲಿಡೀ ಅವ್ವನ ಕಿವಿಗೆ ಬೀಳುವ ಪೂರಾ ಕನ್ನಡವೆಂದರೆ ಟಿವಿಯ ಸಿನಿಮಾ, ಧಾರಾವಾಹಿ, ವಾರ್ತೆ. ತೆಳ್ಳಗಿನ ಹೊಸ ಟಿವಿ ಗೋಡೆಗೇರಿದ ಮೇಲೆ ಅವಳು ಮೆಲ್ಲಗೆ ಅದನ್ನು ನೋಡುವುದು ಬಿಡತೊಡಗಿದಳು. "ಈಗಿನ ಮಂದಿ ಬಾಯಾಗ ಮಾತು ನುಂಗತಾರ" ಎಂದು ನಟರ ಮೇಲೆ ತಪ್ಪು ಹೊರಿಸುತ್ತಿದ್ದಳು. ಸದ್ದು ಏರಿಸಿದರೆ ಹಿನ್ನೆಲೆ ಸಂಗೀತ ಏರುತ್ತಿತ್ತೇ ಹೊರತು ಮಾತು ಏರುತ್ತಿರಲಿಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಇಳಿತ ಇದೆ, ಯಂತ್ರ ಸದ್ಯಕ್ಕೆ ಬೇಡ ಎಂದರು. ಹಾಗಾದರೆ ಮಾತು ಎಲ್ಲಿ ಕಳೆದುಹೋಗುತ್ತಿದೆ?

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ತೆರೆ ಕಂಡು ನಮ್ಮ ದೇಶದ ಸಿನಿಮಾಕ್ಕೆ ಮಾತು ಬಂತು. ಅದೇ ವರ್ಷ ಲಂಡನ್ನಿನಲ್ಲಿ ಅಲನ್ ಬ್ಲಮ್ಲೀನ್ ಎಂಬ ಯುವ ಇಂಜಿನಿಯರ್ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿ ಕಿರಿಕಿರಿಗೊಂಡ ಕಥೆ ಧ್ವನಿಶಾಸ್ತ್ರದವರಲ್ಲಿ ಪ್ರಸಿದ್ಧ. ನಟ ತೆರೆಯ ಒಂದು ಬದಿಯಲ್ಲಿ ನಿಂತಿದ್ದಾನೆ, ಮಾತು ಮತ್ತೊಂದು ಕಡೆಯಿಂದ ಬರುತ್ತಿದೆ. ಕುರುಡ ಕೂತಿದ್ದರೆ ನಟ ಎಲ್ಲಿದ್ದಾನೆಂದು ಅವನಿಗೆ ತಿಳಿಯುವುದಿಲ್ಲವಲ್ಲ ಎಂಬುದು ಅವನ ತಕರಾರು. ಆ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯೇ ಇಂದಿನ ಸ್ಟೀರಿಯೊದ ಮೂಲಪತ್ರ. 1942ರಲ್ಲಿ, ಯುದ್ಧಕಾಲದ ರೇಡಾರ್ ಪರೀಕ್ಷೆಯ ವಿಮಾನ ಬಿದ್ದು ಅವನು ತೀರಿಕೊಂಡ. ಆಗ ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.

ಬ್ಲಮ್ಲೀನ್ ಎರಡು ಸ್ಪೀಕರ್ ಸಾಕು ಎಂದು ಹೊರಟ. ಅಮೆರಿಕದ ಬೆಲ್ ಪ್ರಯೋಗಾಲಯದವರ ದಾರಿ ಬೇರೆ. 1933ರ ಏಪ್ರಿಲ್ 27ರಂದು ಅವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ಟೆಲಿಫೋನ್ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಂದು ಕೇಳಿಸಿದರು. ವೃಂದದ ಪ್ರಸಿದ್ಧ ನಿರ್ದೇಶಕ ಸ್ಟೊಕೊವ್‌ಸ್ಕಿ ತನ್ನ ವಾದಕರನ್ನು ಅಲ್ಲೇ ಬಿಟ್ಟು ವಾಷಿಂಗ್ಟನ್ನಿನಲ್ಲಿ ಗುಂಡಿಗಳ ಮುಂದೆ ಕೂತಿದ್ದ. ಮೂರು ಮೈಕು, ಮೂರು ತಂತಿ, ಮೂರು ಸ್ಪೀಕರು: ಎಡ, ನಡು, ಬಲ. ಎರಡೇ ಇಟ್ಟರೆ ನಡುವೆ ಕೂತವರ ಸದ್ದು ಹಿಂದಕ್ಕೆ ಸರಿದಂತೆ ಕೇಳುತ್ತದೆ ಎಂಬುದು ಅವರ ಪ್ರಯೋಗಗಳಲ್ಲಿ ಗೊತ್ತಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಸಭಾಂಗಣದ್ದು. ಎರಡು ಸ್ಪೀಕರಿನ ಮಾಯೆ ಸರಿಯಾಗಿ ಮಧ್ಯದ ಕುರ್ಚಿಯಲ್ಲಿ ಕೂತವನಿಗೆ ಮಾತ್ರ. ಬದಿಯಲ್ಲಿ ಕೂತವನಿಗೆ ಎಲ್ಲವೂ ಹತ್ತಿರದ ಸ್ಪೀಕರಿನಿಂದಲೇ ಬಂದಂತೆ. ಒಂದೇ ಸದ್ದು ಎರಡು ಕಡೆಯಿಂದ ಬಂದಾಗ, ಕೆಲವೇ ಮಿಲಿಸೆಕೆಂಡ್ ಮೊದಲು ಮುಟ್ಟಿದ ಕಡೆಯನ್ನೇ ಕಿವಿ ನಂಬುತ್ತದೆ ಎಂಬುದನ್ನು 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ ಅಳತೆ ಮಾಡಿ ತೋರಿಸಿದ.

ಈ ಬದಿಯ ಕುರ್ಚಿಯ ವಿಷಯ ನೆನಪಿರಲಿ. ನಮ್ಮ ಮನೆಯಲ್ಲಿ ಅವ್ವನ ದಿವಾನ ಇರುವುದು ಕಿಟಕಿಯ ಪಕ್ಕ, ಟಿವಿಗೆ ಓರೆಯಾಗಿ.

ಸಿನಿಮಾದವರು ಈ ಪಾಠವನ್ನು ಮರೆಯಲಿಲ್ಲ. ಮಾತಿನ ಚಿತ್ರಗಳು ಬಂದಾಗಿನಿಂದ ಸ್ಪೀಕರ್ ಇದ್ದದ್ದು ತೆರೆಯ ಹಿಂದೆ; ಸದ್ದು ಹಾಯಲೆಂದು ತೆರೆಗೆ ಸಣ್ಣ ಸಣ್ಣ ತೂತು. ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ ತಯಾರಾಗಿ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ', ಅಂದರೆ ಕನ್ನಡದ ಮೊದಲ ವಾಕ್ಚಿತ್ರ, ಜನರಿಗೆ ಕೇಳಿಸಿದ್ದೂ ಹೀಗೇ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕನ್ನಡ ಸಿನಿಮಾದ ಮೊದಲ ಮಾತು ಹೇಗೆ ಕೇಳಿಸಿತೆಂದು ತಿಳಿಯಲು ನಮಗೆ ದಾರಿಯಿಲ್ಲ. ಅದು ತಯಾರಾದದ್ದು ಮಹಾರಾಷ್ಟ್ರದ ನೆಲದಲ್ಲಿ ಎನ್ನುವುದನ್ನು ಇಲ್ಲಿರುವ ನಾವು ನೆನೆಸಿಕೊಳ್ಳಬಹುದು.

1953ರಲ್ಲಿ ಅಗಲ ತೆರೆಯ ಸಿನಿಮಾಸ್ಕೋಪ್ 'ದಿ ರೋಬ್' ಚಿತ್ರದೊಂದಿಗೆ ಬಂತು. ಅದರ ಫಿಲ್ಮಿನ ಅಂಚುಗಳಲ್ಲಿ ನಾಲ್ಕು ಕಾಂತೀಯ ಪಟ್ಟಿಗಳು: ಎಡ, ನಡು, ಬಲ, ಮತ್ತು ಪ್ರೇಕ್ಷಕರ ಸುತ್ತಲ ಗೋಡೆಗೆ ಒಂದು. ಇಂದಿನ ಹೋಮ್ ಥಿಯೇಟರಿನ ನಕ್ಷೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಮುಂದೆ ಬಂದದ್ದೆಲ್ಲ ಆ ನಾಲ್ಕನ್ನು ಐದು, ಏಳು ಮಾಡಿದ ಕಥೆ. ಈ ಎಪ್ಪತ್ತು ವರ್ಷಗಳಲ್ಲಿ ಒಂದು ರೂಢಿ ಮಾತ್ರ ಬಹುಮಟ್ಟಿಗೆ ನೆಲೆಯೂರಿತು: ಪಾತ್ರಗಳ ಮಾತು ನಡುವಿನ ಸ್ಪೀಕರಿನದು. ಬಾಂಬು ಎಲ್ಲಿ ಬೇಕಾದರೂ ಸಿಡಿಯಲಿ, ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತಲಿ, "ಊಟ ಆಯ್ತಾ?" ಎಂಬ ಪ್ರಶ್ನೆ ಬರುವುದು ನಡುವಿನಿಂದ.

ಹಾಗಿದ್ದರೆ ನಮ್ಮ ಮನೆಗಳಿಗೆ ಎರಡೇ ಸ್ಪೀಕರ್ ಯಾಕೆ ಬಂದವು? ಉತ್ತರ ಗ್ರಾಮಫೋನ್ ತಟ್ಟೆಯ ಗೀರಿನಲ್ಲಿದೆ. 1950ರ ದಶಕದ ಕೊನೆಯಲ್ಲಿ ಸ್ಟೀರಿಯೊ ತಟ್ಟೆಗಳು ಬಂದಾಗ, ಇಂಗ್ಲಿಷಿನ ವಿ ಅಕ್ಷರದ ಆಕಾರದ ಗೀರಿನ ಒಂದು ಗೋಡೆಯಲ್ಲಿ ಎಡದ ಸದ್ದು, ಇನ್ನೊಂದು ಗೋಡೆಯಲ್ಲಿ ಬಲದ ಸದ್ದು ಕೊರೆದರು. ಗೀರಿಗೆ ಇರುವುದು ಎರಡೇ ಗೋಡೆ. ಮೂರನೆಯದಕ್ಕೆ ಜಾಗವಿರಲಿಲ್ಲ. ಎರಡು ಕಿವಿಗೆ ಎರಡು ಸ್ಪೀಕರ್ ಎಂದು ಆಮೇಲೆ ಹುಟ್ಟಿದ ವಾದವೆಲ್ಲ ಈ ಇಕ್ಕಟ್ಟಿಗೆ ಹೊದಿಸಿದ ಶಾಲು. ಹೀಗೆ ಚಿತ್ರಮಂದಿರದಲ್ಲಿ ಉಳಿದ ನಡುವಿನ ಪೆಟ್ಟಿಗೆ ಮನೆಯಿಂದ ಹೊರಗುಳಿಯಿತು, ಮತ್ತೆ ಒಳಗೆ ಬರಲು ಮೂವತ್ತು ವರ್ಷ ಹಿಡಿಯಿತು.

ಎರಡೇ ಸ್ಪೀಕರ್ ಇದ್ದಾಗ ಹಾಡುಗಾರ ನಡುವೆ ನಿಂತಂತೆ ಅನ್ನಿಸುತ್ತದಲ್ಲ, ಅದಕ್ಕೆ ಧ್ವನಿ ಇಂಜಿನಿಯರುಗಳು ಫ್ಯಾಂಟಮ್ ಎನ್ನುತ್ತಾರೆ, ಭೂತ. ಈ ಭೂತಕ್ಕೆ ಒಂದು ಊನವಿದೆ. ಬಲಗಡೆ ಸ್ಪೀಕರಿನ ಸದ್ದು ಬಲಗಿವಿಗೆ ಮುಟ್ಟಿ, ತಲೆ ಬಳಸಿ ಎಡಗಿವಿಗೆ ಸುಮಾರು ಸೆಕೆಂಡಿನ ನಾಲ್ಕು ಸಾವಿರದ ಒಂದು ಪಾಲು ತಡವಾಗಿ ಮುಟ್ಟುತ್ತದೆ. ಎಡದ್ದೂ ಹಾಗೆಯೇ. ಈ ತಡದಿಂದ 2000 ಹರ್ಟ್ಸ್ ಆಸುಪಾಸಿನ ಅಲೆಗಳು ಒಂದನ್ನೊಂದು ತಿಂದುಹಾಕುತ್ತವೆ. ಸ್ವರಗಳ ಬಲ ಬಹುಪಾಲು ಅದಕ್ಕಿಂತ ಕೆಳಗೆ. ಆದರೆ ತ, ಕ, ಪ, ಸ, ಶಗಳನ್ನು ಒಂದರಿಂದ ಒಂದು ಬೇರೆ ಮಾಡುವ ಸುಳಿವುಗಳು ಇರುವುದು ಅಲ್ಲಿ ಮತ್ತು ಅದರ ಮೇಲೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನದನ್ನೇ. ಎಳೆಯ ಕಿವಿ ಈ ನಷ್ಟವನ್ನು ತಾನೇ ತುಂಬಿಕೊಳ್ಳುತ್ತದೆ. ಎಪ್ಪತ್ತೊಂಬತ್ತರ ಕಿವಿಗೆ 'ತಂದೆ', 'ಕಂದೆ' ಎಲ್ಲವೂ ಒಂದೇ.

ನಮ್ಮ ದೇಶದಲ್ಲಿ ಧ್ವನಿವರ್ಧಕ ಬೆಳೆದದ್ದೇ ಮಾತಿಗಾಗಿ. 1930ರ ದಶಕದಲ್ಲಿ ಕಾಂಗ್ರೆಸ್ ಅಧಿವೇಶನಗಳ ಲಕ್ಷಾಂತರ ಜನಕ್ಕೆ ಗಾಂಧೀಜಿಯ ಮೆಲುದನಿಯನ್ನು ಮುಟ್ಟಿಸಿದ್ದು ಮೋಟ್ವಾನೆ ಕುಟುಂಬದ ಶಿಕಾಗೊ ರೇಡಿಯೊ ಕಂಪನಿಯ ಮೈಕು ಮತ್ತು ಹಾರ್ನುಗಳು. ಹಳೆಯ ಫೋಟೋಗಳಲ್ಲಿ ನೆಹರೂ ಮುಂದಿನ ಮೈಕಿನ ಮೇಲೆ ಆ ಹೆಸರು ಇಂದಿಗೂ ಕಾಣುತ್ತದೆ. ಮನೆಯೊಳಗಿನ ರೇಡಿಯೊ ಕೂಡ ಮಾತಿನ ಪೆಟ್ಟಿಗೆಯೇ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಅವ್ವನ ತವರಿನಲ್ಲಿದ್ದ ಮರ್ಫಿ ಸೆಟ್ಟನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ: ಮರದ ಮೈ, ಎದುರಿಗೆ ಬಟ್ಟೆ, ಅದರ ಹಿಂದೆ ಅಂಗೈಗಿಂತ ಅಗಲದ ಒಂದೇ ಕಾಗದದ ಕೋನು, ನೇರವಾಗಿ ಕೇಳುವವರ ಮುಖಕ್ಕೆ. ಅದರಲ್ಲಿ ಗುಡುಗೂ ಇರಲಿಲ್ಲ, ಗೆಜ್ಜೆಯ ಮಿನುಗೂ ಇರಲಿಲ್ಲ. ಮನುಷ್ಯನ ದನಿ ಮಾತ್ರ ಸ್ಪಷ್ಟ. ಆಮೇಲೆ ಬಂದ ಡಬ್ಬಿ ಟಿವಿಗೂ ಸ್ಪೀಕರ್ ಬಹುಮಟ್ಟಿಗೆ ಎದುರಿಗೇ ಇತ್ತು. ಟಿವಿ ತೆಳ್ಳಗಾದಾಗ ಸ್ಪೀಕರಿಗೆ ಜಾಗ ಹೋಯಿತು. ಈಗ ಅದು ಕೆಳಗೆ ನೆಲಕ್ಕೋ ಹಿಂದೆ ಗೋಡೆಗೋ ಮುಖ ಮಾಡಿಕೊಂಡಿರುತ್ತದೆ. ಎತ್ತರದ ಕಂಪನಗಳು ಟಾರ್ಚಿನ ಬೆಳಕಿನ ಹಾಗೆ, ತಿರುಗಿಸಿದ ಕಡೆಗೇ ಹೋಗುವಂಥವು. ಅವ್ವನ ವ್ಯಂಜನಗಳು ನಮ್ಮ ಗೋಡೆಯ ಸುಣ್ಣಕ್ಕೆ ಕೇಳಿಸುತ್ತಿದ್ದವು.

ನಟರ ಮೇಲಿನ ಅವಳ ದೂರೂ ಪೂರ್ತಿ ಸುಳ್ಳಲ್ಲ. ನಮ್ಮ ಹಳೆಯ ಚಿತ್ರಗಳಲ್ಲಿ ಮಾತನ್ನು ಆಮೇಲೆ ಸ್ಟುಡಿಯೊದಲ್ಲಿ ಮೈಕಿನ ಹತ್ತಿರ ನಿಂತು ಕೂಡಿಸುತ್ತಿದ್ದರು. 'ಲಗಾನ್' ಬಂದ 2001ರ ನಂತರ ಚಿತ್ರೀಕರಣದ ಜಾಗದಲ್ಲೇ ಮಾತನ್ನು ಹಿಡಿಯುವುದು ಹೆಚ್ಚಾಯಿತು. ಸಹಜ, ಒಪ್ಪಿದೆ, ಆದರೆ ಪಿಸುಮಾತು ನಿಜವಾಗಿಯೂ ಪಿಸುಮಾತೇ ಆಗಿರುತ್ತದೆ.

ನಡುವಿನ ಪೆಟ್ಟಿಗೆ ಮನೆಗೆ ಮರಳಿದ ದಾರಿಯಲ್ಲಿ ನಮ್ಮ ದೇಶದ ಒಂದು ನಿಲ್ದಾಣವಿದೆ. ರೇ ಡಾಲ್ಬಿ ಎಂಬ ಅಮೆರಿಕನ್ ಇಂಜಿನಿಯರ್ ಕೇಂಬ್ರಿಜ್‌ನಲ್ಲಿ ಓದು ಮುಗಿಸಿ 1963ರಲ್ಲಿ ವಿಶ್ವಸಂಸ್ಥೆಯ ಸಲಹೆಗಾರನಾಗಿ ಭಾರತಕ್ಕೆ ಬಂದ. ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯಲ್ಲಿ ಎರಡು ವರ್ಷ ಇದ್ದ. ಟೇಪಿನ ಸುಂಯ್‌ಗುಟ್ಟುವಿಕೆಯನ್ನು ಅಡಗಿಸುವ ಅವನ ಹೆಸರಾಂತ ಉಪಾಯ ಹೊಳೆದದ್ದು ಇಲ್ಲಿದ್ದಾಗ. 1965ರಲ್ಲಿ ಲಂಡನ್ನಿಗೆ ಹೋಗಿ ಕಂಪನಿ ತೆರೆದ. ಹತ್ತು ವರ್ಷಗಳ ನಂತರ ಅದೇ ಕಂಪನಿ, ಸಿನಿಮಾ ಫಿಲ್ಮಿನ ಎರಡೇ ಪಟ್ಟಿಗಳೊಳಗೆ ಎಡ, ನಡು, ಬಲ, ಹಿಂದು ಎಂಬ ನಾಲ್ಕನ್ನೂ ಮಡಚಿ ಇಡುವ ಗಣಿತವನ್ನು ಬಳಕೆಗೆ ತಂದಿತು. 1977ರ 'ಸ್ಟಾರ್ ವಾರ್ಸ್' ಅದನ್ನು ಲೋಕಪ್ರಸಿದ್ಧ ಮಾಡಿತು. ಎರಡೇ ಪಟ್ಟಿಯ ವಿಡಿಯೊ ಕ್ಯಾಸೆಟ್ಟಿನಲ್ಲೂ ಆ ಮಡಿಕೆ ಹಾಗೇ ಉಳಿದು ಮನೆಗಳಿಗೆ ಬಂತು, ಬಿಚ್ಚುವ ಯಂತ್ರ ಮಾತ್ರ ಬೇಕಿತ್ತು. ನಡುವನ್ನೂ ಬಿಚ್ಚಿ ಕೊಡುವ ಮನೆಯ ಯಂತ್ರ, ಪ್ರೊ ಲಾಜಿಕ್, ಬಂದದ್ದು 1987ರಲ್ಲಿ.

ಅದೇ 1987ರಲ್ಲಿ ಡಿಜಿಟಲ್ ಸಿನಿಮಾಕ್ಕೆ ಎಷ್ಟು ಧ್ವನಿಪಥ ಬೇಕೆಂದು ಅಮೆರಿಕದ ಸಿನಿಮಾ ಇಂಜಿನಿಯರುಗಳ ಸಮಿತಿಯೊಂದು ಚರ್ಚಿಸುತ್ತಿದ್ದಾಗ ಟಾಮ್ಲಿನ್ಸನ್ ಹೋಲ್ಮನ್ "5.1" ಎಂದ. ಐದು ಪೂರ್ಣ, ಮತ್ತೊಂದು ತೀರಾ ಮಂದ್ರದ ಸದ್ದಿಗೆ ಮಾತ್ರ ಮೀಸಲಾದದ್ದು. ಅದು ಕೆಳಗಿನ ಸುಮಾರು 120 ಹರ್ಟ್ಸ್‌ವರೆಗಿನ ಕೆಲಸವನ್ನಷ್ಟೇ ಮಾಡುವುದರಿಂದ ಅದಕ್ಕೆ ದಶಮಾಂಶದ ಬಿಂದು. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್, ಆಮೇಲೆ ಡಿವಿಡಿ, ಮತ್ತೆ 2012ರಲ್ಲಿ ತಲೆಯ ಮೇಲಿಂದಲೂ ಸದ್ದು ಸುರಿಸುವ ಆಟ್ಮಾಸ್. ಇವುಗಳ ಬಗ್ಗೆ ಅಂಗಡಿಯವನು ನಿಮಗೆ ನನಗಿಂತ ಚೆನ್ನಾಗಿ ಹೇಳುತ್ತಾನೆ, ನಾನು ದಾಟಿ ಹೋಗುತ್ತೇನೆ. ಹತ್ತಡಿ ಹನ್ನೆರಡಡಿಯ ಹಾಲಿನಲ್ಲಿ, ಫ್ಯಾನು ಮತ್ತು ಪಿಒಪಿ ನಡುವೆ, ಆಕಾಶದಿಂದ ಸದ್ದು ತರಿಸುವ ಹಂಬಲ ನನಗಿರಲಿಲ್ಲ.

ಸ್ಪೀಕರ್ ಪೆಟ್ಟಿಗೆಯ ಕಥೆ ಬೇರೆಯೇ. 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಪ್ರಕಟಿಸಿದ ಕೋನಿನ ವಿನ್ಯಾಸವೇ ಇಂದಿಗೂ ನಡೆದಿದೆ. ಕಾಂತದ ನಡುವೆ ತಂತಿಸುರುಳಿ, ಅದಕ್ಕಂಟಿದ ಕೋನು. ಕೋನಿನ ಹಿಂದಿನ ಅಲೆ ಮುಂದಿನದನ್ನು ಕೊಲ್ಲದಿರಲಿ ಎಂದು ಪೆಟ್ಟಿಗೆ ಬೇಕು. ಮಂದ್ರ ಬೇಕಾದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕು ಎಂದು ಬಹುಕಾಲ ನಂಬಿದ್ದರು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಚಿಕ್ಕ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನ ಹಾಗೆ ದುಡಿಸಿಕೊಂಡ. ಶೆಲ್ಫಿನ ಮೇಲಿಡುವ ಸ್ಪೀಕರ್ ಹುಟ್ಟಿದ್ದು ಅಲ್ಲಿಂದ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ತೀಲ್, 1970ರ ದಶಕದಲ್ಲಿ ಅಲ್ಲೇ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ ಇಬ್ಬರೂ ಸೇರಿ, ಯಾವ ಕೋನಿಗೆ ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟು ದೊಡ್ಡ ತೂತು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕುವಂತೆ ಮಾಡಿದರು. ಅಲ್ಲಿಯವರೆಗೆ ಒಳ್ಳೆಯ ಸ್ಪೀಕರ್ ಬಡಗಿಯ ಕೈಗುಣ. ಆಮೇಲೆ ಲೆಕ್ಕಪತ್ರ. ಇಂದು ಮಧ್ಯಮ ಬೆಲೆಗೆ ಒಳ್ಳೆಯ ಸ್ಪೀಕರ್ ಸಿಗುವುದಕ್ಕೆ ಈ ಇಬ್ಬರಿಗೆ ನಾವು ಋಣಿಗಳು.

ನನ್ನ ಮೆಚ್ಚಿನದು ಬಿಬಿಸಿಯ ಕಥೆ. 1970ರ ದಶಕದಲ್ಲಿ, ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ದನಿಯನ್ನು ಪರೀಕ್ಷಿಸಲು ಅವರಿಗೆ ಪುಟ್ಟ ಸ್ಪೀಕರ್ ಬೇಕಿತ್ತು. ಶೂ ಡಬ್ಬಿಗಿಂತ ತುಸು ದೊಡ್ಡದಾದ, ಎಲ್‌ಎಸ್3/5ಎ ಎಂಬ ಹೆಸರಿನ ಪೆಟ್ಟಿಗೆ ಮಾಡಿಕೊಂಡರು. ಬಿಬಿಸಿಯವರ ಅಳತೆಗೋಲು ವಾದ್ಯವೃಂದವಷ್ಟೇ ಅಲ್ಲ, ಪರಿಚಿತ ಮನುಷ್ಯನ ಮಾತು. ಮನುಷ್ಯ ಪಕ್ಕದ ಕೋಣೆಯಲ್ಲಿ ನಿಂತು ಮಾತಾಡಿದ್ದಕ್ಕೂ ಸ್ಪೀಕರಿನಿಂದ ಬಂದದ್ದಕ್ಕೂ ಎಷ್ಟು ಅಂತರ ಎಂದು ನೋಡುವ ಪರಿಪಾಠ ಅವರದು. ಮುಂಬಯಿಯ ಹಾಲೂ ಒಂದು ವ್ಯಾನೇ ಅಲ್ಲವೇ?

ಲ್ಯಾಮಿಂಗ್ಟನ್ ರೋಡಿಗೆ ನಾನು ಮೂರು ಶನಿವಾರ ಹೋದೆ. ಪಾಟಿಯ ಮೇಲೆ ಅದಕ್ಕೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದಿದ್ದರೂ ಮುಂಬಯಿಯ ಬಾಯಲ್ಲಿ ಲ್ಯಾಮಿಂಗ್ಟನ್ನೇ. ಬೆಂಗಳೂರಿಗೆ ಎಸ್.ಪಿ. ರೋಡು, ಚೆನ್ನೈಗೆ ರಿಚಿ ಸ್ಟ್ರೀಟು ಇದ್ದಂತೆ ಇದು. ಅಲ್ಲಿ ಸ್ಪೀಕರ್ ತೋರಿಸುವವರು ಮೊದಲು ಹಾಕುವುದು ಸ್ಫೋಟದ ದೃಶ್ಯ. "ಸಾಬ್, ಪೂರಾ ಬಿಲ್ಡಿಂಗ್ ಹಿಲೇಗಾ." ಬಿಲ್ಡಿಂಗ್ ಅಲುಗಿದರೆ ಕೆಳಗಿನ ಮನೆಯ ಸೊಸೈಟಿ ಸೆಕ್ರೆಟರಿ ಮೇಲೆ ಬರುತ್ತಾರೆ ಎನ್ನುವುದು ಆ ಹುಡುಗನಿಗೆ ಗೊತ್ತಿಲ್ಲದ್ದಲ್ಲ. ಮಂದ್ರದ ಅಲೆ ಸ್ಲ್ಯಾಬನ್ನು ಹಾಯ್ದು ಹೋಗುತ್ತದೆ. ಸಾಲದ್ದಕ್ಕೆ, ಹನ್ನೆರಡು ಅಡಿಯ ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಸದ್ದು ತಾನೇ ನಿಂತು ಊದಿಕೊಳ್ಳುತ್ತದೆ. ಸಬ್‌ವೂಫರನ್ನು ಮೂಲೆಗಿಟ್ಟರೆ ಇನ್ನೂ ಹೆಚ್ಚು. ಆ ಗುಂಯ್ ಎಂಬ ಮುಸುಕಿನ ಕೆಳಗೆ ಮಾತು ಮತ್ತೆ ಹೂತುಹೋಗುತ್ತದೆ.

ಎರಡನೆಯದಾಗಿ ಅವರು ತೋರಿಸುವುದು ವ್ಯಾಟು. 1960ರ ದಶಕದಲ್ಲಿ ಅಮೆರಿಕದಲ್ಲಿ ಆಂಪ್ಲಿಫೈಯರ್ ಕಂಪನಿಗಳು ಮನಸ್ಸಿಗೆ ಬಂದಷ್ಟು ವ್ಯಾಟು ಬರೆದುಕೊಳ್ಳುತ್ತಿದ್ದವು. 1974ರಲ್ಲಿ ಅಲ್ಲಿನ ವ್ಯಾಪಾರ ಆಯೋಗ, ಸತತವಾಗಿ ಕೊಡಬಲ್ಲ ಶಕ್ತಿಯನ್ನೇ ಬರೆಯಬೇಕೆಂದು ನಿಯಮ ಮಾಡಿತು. ನಮ್ಮ ಬೀದಿಗಳಿಗೆ ಆ ರೋಗ ಪಿಎಂಪಿಒ ಎಂಬ ಹೆಸರಿನಲ್ಲಿ ಬಂತು; ಅಂಗೈಯಷ್ಟು ಸ್ಪೀಕರಿನ ಮೇಲೆ ಸಾವಿರಾರು ವ್ಯಾಟಿನ ಸ್ಟಿಕರು ಅಂಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಒಂದು ಲೆಕ್ಕ ಹೇಳುತ್ತೇನೆ. ಸಾಧಾರಣ ಸ್ಪೀಕರಿಗೆ ಒಂದು ವ್ಯಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 86 ಡೆಸಿಬೆಲ್. ಅವ್ವನ ದಿವಾನ ಎಂಟು ಅಡಿ ದೂರ, ಅಲ್ಲಿ 80 ಅನ್ನೋಣ. ಎದುರು ಕೂತು ಮಾತಾಡುವ ಮಟ್ಟ 65ರ ಸಮೀಪ. ಅಂದರೆ ಅವ್ವನಿಗೆ ಮಾತು ಕೇಳಿಸಲು ಬೇಕಾದದ್ದು ಒಂದು ವ್ಯಾಟಿನ ಮೂವತ್ತನೇ ಒಂದು ಪಾಲು. ಸದ್ದಿನ ಸ್ಫೋಟಗಳಿಗೆ ಇದರ ನೂರಾರು ಪಟ್ಟು ಬೇಕಾಗಬಹುದು, ಆದರೂ ಲೆಕ್ಕ ಹತ್ತಾರು ವ್ಯಾಟಿನೊಳಗೇ ಮುಗಿಯುತ್ತದೆ. ವ್ಯಾಟು ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್.

ಮೂರನೆಯದು ಕಣ್ಣಿನ ಮೋಸ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ವರ್ಷಾನುಗಟ್ಟಲೆ ಒಂದು ಕೆಲಸ ಮಾಡಿದ: ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಒಂದೇ ಮಟ್ಟದ ಸದ್ದಿನಲ್ಲಿ ಜನರಿಗೆ ಕೇಳಿಸಿ ಅಂಕ ಹಾಕಿಸಿದ. ಕಾಣದಿದ್ದಾಗ ಬೇರೆ ಬೇರೆ ಜನರ ಆಯ್ಕೆ ಆಶ್ಚರ್ಯವಾಗುವಷ್ಟು ಒಂದೇ ಆಗಿತ್ತು. ಯಾವ ಸ್ಪೀಕರ್ ಎಲ್ಲ ಕಂಪನಗಳನ್ನೂ ಸಮನಾಗಿ ಕೊಡುತ್ತದೋ, ಬದಿಗೆ ಹೋಗುವ ಸದ್ದೂ ನೇರ ಹೋಗುವ ಸದ್ದಿನ ಹಾಗೇ ಇರುತ್ತದೋ, ಅದು ಗೆಲ್ಲುತ್ತಿತ್ತು. 1994ರಲ್ಲಿ ಅವನೂ ಸಹೋದ್ಯೋಗಿ ಶಾನ್ ಆಲಿವ್‌ನೂ ಅದೇ ಪರೀಕ್ಷೆಯನ್ನು ಪರದೆ ಇಟ್ಟೂ, ತೆಗೆದೂ ಮಾಡಿದರು. ಪರದೆ ತೆಗೆದೊಡನೆ ಅಂಕಗಳು ಪೆಟ್ಟಿಗೆಯ ಗಾತ್ರ, ಬ್ರ್ಯಾಂಡಿನ ಕಡೆಗೆ ವಾಲಿದವು. ಸದ್ದಿನ ಮಟ್ಟ ಸಮ ಇರಬೇಕು ಎನ್ನುವುದು ಇಲ್ಲಿ ಮುಖ್ಯ, ತುಸು ಜೋರಾಗಿ ಕೇಳಿದ್ದು ಯಾವತ್ತೂ ಉತ್ತಮವೆನ್ನಿಸುತ್ತದೆ. ಅಂಗಡಿಯಲ್ಲಿ ಮಾರಬೇಕಾದ ಸ್ಪೀಕರಿಗೆ ಗುಂಡಿ ಒಂದು ಗೆರೆ ಹೆಚ್ಚು ತಿರುಗಿರುತ್ತದೆ.

ಆದ್ದರಿಂದ ನಾನು ಫೋನಿನಲ್ಲಿ ಎರಡು ಕನ್ನಡ ತುಣುಕು ಒಯ್ದಿದ್ದೆ. ಒಂದು ವಾರ್ತೆ, ಇನ್ನೊಂದು ಮಳೆಯಲ್ಲಿ ಇಬ್ಬರು ಮೆಲ್ಲಗೆ ಮಾತಾಡುವ ಸಿನಿಮಾ ದೃಶ್ಯ. ಕಣ್ಣು ಮುಚ್ಚಿ, ಮೊದಲು ನೇರ ಕೂತು, ಆಮೇಲೆ ಬದಿಗೆ ಸರಿದು ಕೇಳಿದೆ. ಅಂಗಡಿಯ ಹುಡುಗ ಒಂದೂ ಶಬ್ದ ತಿಳಿಯದೆ ಪಾಪ ಪಕ್ಕದಲ್ಲಿ ನಿಂತಿದ್ದ.

ಇಲ್ಲಿಯೇ ನಡುವಿನ ಸ್ಪೀಕರಿನ ಗುಟ್ಟು ಹೊರಬಿತ್ತು. ಸೆಟ್ಟಿನಲ್ಲಿ ಬರುವ ನಡುವಿನ ಸ್ಪೀಕರ್ ಸಾಮಾನ್ಯವಾಗಿ ಮಲಗಿಸಿದ ಪೆಟ್ಟಿಗೆ: ಎರಡು ಕೋನು, ನಡುವೆ ಟ್ವೀಟರ್. 1983ರಲ್ಲಿ ಜೋಸೆಫ್ ಡಪಾಲಿಟೊ ಈ ಜೋಡಣೆಯನ್ನು ಹೆಸರುವಾಸಿ ಮಾಡಿದ್ದು ನಿಲ್ಲಿಸಿಡುವ ಸ್ಪೀಕರಿಗಾಗಿ. ನಿಂತಾಗ ಅದರ ಏರಿಳಿತ ಮೇಲೆ ಕೆಳಗೆ ಹೋಗುತ್ತದೆ, ಕೂತವರಿಗೆ ತೊಂದರೆಯಿಲ್ಲ. ಟಿವಿಯ ಕೆಳಗೆ ಹೊಂದಲಿ ಎಂದು ಮಲಗಿಸಿದರೆ ಅದೇ ಏರಿಳಿತ ಎಡಬಲಕ್ಕೆ ಹರಡುತ್ತದೆ. ಬದಿಯಲ್ಲಿ ಕೂತವರಿಗೆ ಎರಡು ಕೋನುಗಳ ಸದ್ದು ಒಂದನ್ನೊಂದು ಕಡಿಯುತ್ತದೆ. ಬದಿಯ ಕುರ್ಚಿಯವರಿಗಾಗಿಯೇ ಹುಟ್ಟಿದ ನಡುವಿನ ಪೆಟ್ಟಿಗೆ ಬದಿಯ ಕುರ್ಚಿಯವರಿಗೇ ಕೈಕೊಡುತ್ತದೆ! ಕೋನುಗಳ ನಡುವೆ ಟ್ವೀಟರಿನ ಕೆಳಗೆ ಮತ್ತೊಂದು ಚಿಕ್ಕ ಕೋನು ಇರುವ ದುಬಾರಿ ಮಾದರಿಗಳಲ್ಲಿ ಈ ದೋಷ ಕಡಿಮೆ. ಅದು ನನ್ನ ಬಜೆಟ್ಟಿನ ಹೊರಗೆ.

ಸರಳ ಪರಿಹಾರ 1933ರದ್ದೇ: ಮುಂದೆ ಮೂರೂ ಒಂದೇ ಜಾತಿಯ ಸ್ಪೀಕರ್, ಮೂರೂ ನಿಂತಿರಲಿ. ಶೆಲ್ಫ್ ಸ್ಪೀಕರ್ ಮೂರು ಕೊಡಿ ಎಂದೆ. ಜೋಡಿಯಲ್ಲೇ ಬರುತ್ತವೆ, ಒಂಟಿ ಮಾರುವುದಿಲ್ಲ ಎಂದರು. ಗೀರಿನ ಎರಡು ಗೋಡೆಗಳ ಶಾಪ ಈಗಲೂ ನಡೆದಿದೆ. ಎರಡು ಜೋಡಿ ಕೊಂಡೆ, 44,000. ನಡುಮಟ್ಟದ ರಿಸೀವರಿಗೆ 31,000. ಮೂರು ಸ್ಪೀಕರನ್ನೂ 80 ಹರ್ಟ್ಸ್‌ಗೆ ಕತ್ತರಿಸುವಂತೆ ರಿಸೀವರಿನಲ್ಲಿ ಹೊಂದಿಸಿದೆ, ಕೆಳಗಿನದು ಎಂದಾದರೂ ಬರುವ ಸಬ್‌ವೂಫರಿನ ಪಾಲಿಗೆ. ಅದಕ್ಕೆಂದು ಉಳಿದ 15,000 ತೆಗೆದಿಟ್ಟಿದ್ದೇನೆ. ಒಂದು ವರ್ಷವಾಯಿತು, ಇನ್ನೂ ಯಾರೂ ಅದರ ಕೊರತೆ ಹೇಳಿಲ್ಲ. ಮಗ ಹೇಳುತ್ತಾನೆ, ಅವನದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಟಿವಿಯನ್ನು ಗೋಡೆಯಲ್ಲಿ ಒಂದು ಗೇಣು ಮೇಲೆ ಏರಿಸಿ ಅದರ ಕೆಳಗೆ ಮೂರನೆಯದನ್ನು ನಿಲ್ಲಿಸಿದೆ. ಮುಂಭಾಗದ ಅಡಿಗೆ ಎರಡು ರಬ್ಬರ್ ತುಂಡು ಕೊಟ್ಟು ಅದರ ಮುಖ ಕೂತವರ ಕಿವಿಯ ಎತ್ತರಕ್ಕೆ ಬರುವಂತೆ ಮಾಡಿದೆ. ರಿಸೀವರಿನ ಜೊತೆ ಬಂದ ಮೈಕಿನಿಂದ ಅಳತೆ ತೆಗೆಯುವಾಗ, ಕೈಪಿಡಿ ಹೇಳಿದಂತೆ ಸೋಫಾದ ಮಧ್ಯದಲ್ಲಿ ಇಡದೆ ಅವ್ವನ ದಿಂಬಿನ ಹತ್ತಿರ ಇಟ್ಟೆ. ನಡುವನ್ನು ಮಾತ್ರ 3 ಡೆಸಿಬೆಲ್ ಏರಿಸಿದೆ. ಸಂಗೀತ ಇದ್ದಲ್ಲೇ ಇದ್ದು ಮಾತು ಒಂದೇ ಮುಂದೆ ಬರುವುದು ಎರಡು ಸ್ಪೀಕರಿನಲ್ಲಿ ಸಾಧ್ಯವಿಲ್ಲದ ಕೆಲಸ. ಎರಡೇ ಪಥದಲ್ಲಿ ಬರುವ ಹಳೆಯ ಚಿತ್ರಗಳಿಗೆ ರಿಸೀವರೇ ನಡುವನ್ನು ಬಿಚ್ಚಿ ಕೊಡುತ್ತದೆ, ಅದೇ ಹಳೆಯ ಮಡಿಕೆಯ ಗಣಿತ.

ಈಗ ಮಧ್ಯಾಹ್ನ ಟಿವಿಯ ಸದ್ದು ಮೊದಲಿಗಿಂತ ಕಡಿಮೆ ಇರುತ್ತದೆ. ಧಾರಾವಾಹಿಯ ಅತ್ತೆ ಏನಂದಳು, ಸೊಸೆ ಏನು ತಿರುಗಿ ಅಂದಳು ಎಂಬುದನ್ನು ಸಂಜೆ ಅವ್ವ ನನ್ನ ಹೆಂಡತಿಗೆ ಸಾಲುಸಾಲಾಗಿ ಒಪ್ಪಿಸುತ್ತಾಳೆ. "ಆಕಿ ಮಾತು ನಮ್ಮ ಕಡೀದಲ್ಲ ಬಿಡು, ಮೈಸೂರು ಕಡೀದು" ಎಂದು ಮೊನ್ನೆ ಒಬ್ಬ ನಟಿಯ ಉಚ್ಚಾರದಲ್ಲಿ ಊರು ಹುಡುಕಿದಳು.

ನಾಲ್ಕನೇ ಸ್ಪೀಕರ್ ಅಟ್ಟದ ಮೇಲಿದೆ, ಹಳೆಯ ಕೌದಿಯಲ್ಲಿ ಸುತ್ತಿಕೊಂಡು. 1953ರ ಹಾಗೆ ಹಿಂದೆ ಒಂದೇ ಇಡೋಣವೆಂದರೆ ನನ್ನ ರಿಸೀವರಿಗೆ ಆ ಲೆಕ್ಕ ತಿಳಿಯುವುದಿಲ್ಲ, ಅದು ಎರಡು ಕೇಳುತ್ತದೆ. ಇನ್ನೊಂದು ಒಂಟಿ ಯಾರಾದರೂ ಮಾರುತ್ತಾರೇನೋ ಎಂದು ನೋಡುತ್ತಿದ್ದೇನೆ.